ಸಾಲಿನ ಬಾಲದಲ್ಲಿದ್ದವಳು

ಲಿಯೋನ್,
ಭಾನುವಾರ, 22 ಸೆಪ್ಟೆಂಬರ್ 2019

ಪ್ರೀತಿಯ ರೆಜಿಸ್,

ಮೊದಲು ನಾಲ್ಕು ಮಾತು ಬೈದುಬಿಡು, ಆಮೇಲೆ ಮುಂದೆ ಓದು. ನೀನು ಜುಲೈನಲ್ಲಿ ಬರೆದ ಪತ್ರಕ್ಕೆ ಸೆಪ್ಟೆಂಬರ್ ಮುಗಿಯುತ್ತ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಕೈನೋವು, ಮನೆಗೆ ನೆಂಟರು, ತಡೆಯಲಾರದ ಸೆಖೆ ಎಂದು ಮೂರು ನೆಪ ಸಿದ್ಧಮಾಡಿಕೊಂಡಿದ್ದೆ. ಮೂರೂ ಸುಳ್ಳು. ಬರೆಯಲು ಕೂತರೆ ಐದು ನಿಮಿಷಕ್ಕೆ ಎದ್ದುಬಿಡುತ್ತೇನೆ, ಅಷ್ಟೇ. ಇಷ್ಟು ಬರೆಯುವುದರೊಳಗೇ ಎರಡು ಸಲ ಎದ್ದೆ. ಒಮ್ಮೆ ಕಿಟಕಿ ಮುಚ್ಚಲು, ಇನ್ನೊಮ್ಮೆ ಅದೇ ಕಿಟಕಿ ತೆರೆಯಲು.

ನಿನ್ನ ಅಕ್ಕ ಹೇಗಿದ್ದಾರೆ? ಅರವತ್ತಾರು ವರ್ಷದ ನಿನ್ನನ್ನು ಇನ್ನೂ ಹತ್ತು ವರ್ಷದ ಹುಡುಗನ ಹಾಗೆ ಗದರುತ್ತಾರಾ? "ಈ ಗುಡ್ಡದ ಊರಲ್ಲಿ ಹುಡುಕಿದರೂ ನೂರು ಗಜ ಸಮತಟ್ಟಾದ ಡಾಂಬರು ಸಿಗುವುದಿಲ್ಲ, ಅದಕ್ಕೇ ನನಗೆ ಇಲ್ಲಿ ಹಿತ" ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನನಗೆ ಸಿಟ್ಟು ಬಂತು. ಸ್ಕೇಟ್ಸ್ ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೋಗಿ ಸೌತೆಕಾಯಿ ತರುತ್ತಿದ್ದ ಮನುಷ್ಯ ನೀನು! ಪತ್ರವನ್ನು ಮಡಿಸಿ ಬ್ರೆಡ್ಡಿನ ಡಬ್ಬದೊಳಗೆ ತುರುಕಿದೆ. ದಿನಾ ಬೆಳಿಗ್ಗೆ ಬ್ರೆಡ್ಡು ತೆಗೆಯುವಾಗ ಕಣ್ಣಿಗೆ ಬೀಳುತ್ತದೆ, ದಿನಾ ಬೆಳಿಗ್ಗೆ ಹಸಿವು ಹೋಗುತ್ತದೆ.

ನಮ್ಮ ಸಂಘದ ಇವತ್ತಿನ ಸ್ಕೇಟಿಂಗ್ ಸುತ್ತು ಚೆನ್ನಾಗಿತ್ತು. ಎಂದಿನಂತೆ ಎರಡೂವರೆಗೆ ಬೆಲ್‌ಕೂರ್ ಚೌಕದಲ್ಲಿ ಸೇರಿದೆವು, ನೂರ ನಲವತ್ತು ಜನ. ಬೇಸಿಗೆ ರಜೆ ಮುಗಿಸಿ ಬಂದವರು ಎಲ್ಲರೂ ಕಂದು ಬಣ್ಣಕ್ಕೆ ತಿರುಗಿದ್ದಾರೆ, ಎಲ್ಲರೂ ಎರಡೆರಡು ಕೇಜಿ ಹೆಚ್ಚಾಗಿದ್ದಾರೆ. ಹೊರಡುವ ಮೊದಲು ಲೊಯಿಕ್ ಮೈಕು ಹಿಡಿದು ಸುರಕ್ಷತೆಯ ಬಗ್ಗೆ ಭಾಷಣ ಬಿಗಿದ. ಅವನು ಅಧ್ಯಕ್ಷನಾದ ಮೇಲೆ ಭಾಷಣಕ್ಕೆ ಬರವಿಲ್ಲ. ನದೀರ್ ತನ್ನ ಟ್ಯಾಕ್ಸಿಯಲ್ಲಿ ತಂದ ಬಾಳೆಹಣ್ಣು ಹಂಚುತ್ತ ನನ್ನ ಕಿವಿಯಲ್ಲಿ, "ಇವನಿಗೆ ಮೈಕ್ ಕೊಟ್ಟೋರು ಯಾರು? ಮಾತು ಮುಗಿಯೋ ಹೊತ್ತಿಗೆ ನಮ್ಮ ಗಾಲಿ ಬೇರಿಂಗ್‌ಗೆ ತುಕ್ಕು ಹಿಡಿಯತ್ತೆ" ಎಂದ. ನಗು ಬಂತು. ತಕ್ಷಣ ನೀನು ಇದ್ದಿದ್ದರೆ ಏನು ಹೇಳುತ್ತಿದ್ದೆ ಎಂದು ನೆನಪಾಗಿ ನಗು ನಿಂತಿತು.

ಬೆರ್ತೆಲೊ ರಸ್ತೆಯ ಕೂಡುದಾರಿಯಲ್ಲಿ, ನಮ್ಮ ಸಾಲು ದಾಟುವವರೆಗೆ ಗಾಡಿಗಳನ್ನು ತಡೆಯಲು ನೀನು ನಿಲ್ಲುತ್ತಿದ್ದ ಜಾಗಕ್ಕೆ ಈಗ ಇಬ್ಬರು ಹುಡುಗರನ್ನು ಹಾಕಿದ್ದಾರೆ. ಇಬ್ಬರಿದ್ದೂ ಸಾಲದು. ಒಬ್ಬ ಕಾರಿನವನು ಹಾರ್ನ್ ಹೊಡೆದರೆ ಸಾಕು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನೀನು ಹಳದಿ ಜಾಕೆಟ್ ಹಾಕಿ ಎರಡೂ ಕೈ ಚಾಚಿ ಅಡ್ಡ ನಿಂತರೆ ಮೇಯರೇ ಬಂದರೂ ಬಿಡುತ್ತಿರಲಿಲ್ಲ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವನಿಗೆ ಡ್ರೈವರುಗಳ ಸಿಟ್ಟು ಎಲ್ಲಿ ಹುಟ್ಟಿ ಎಲ್ಲಿ ಸಾಯುತ್ತದೆ ಎಂದು ಗೊತ್ತಿತ್ತು. ಒಮ್ಮೆ ಯಾರೋ ಕಿಟಕಿ ಇಳಿಸಿ, "ಏ ತಾತ, ಇನ್ನೂ ಎಷ್ಟು ಜನ ಇದ್ದಾರೋ ನಿನ್ನ ಹಿಂದೆ?" ಎಂದು ಕಿರುಚಿದಾಗ, "ನಿನ್ನ ಮದುವೆ ದಿಬ್ಬಣಕ್ಕಿಂತ ಜಾಸ್ತಿ. ಎಂಜಿನ್ ಆಫ್ ಮಾಡು, ಪೆಟ್ರೋಲ್ ಉಳಿಯತ್ತೆ" ಎಂದೆಯಲ್ಲ, ಅವನು ನಕ್ಕು ನಿಜಕ್ಕೂ ಆಫ್ ಮಾಡಿದ. ಹೊಸಬರಿಗೆ ಈ ಕಥೆಯನ್ನು ನದೀರ್ ಇನ್ನೂ ಹೇಳುತ್ತಾನೆ. ಸಾಲಿನ ಬಾಲದಲ್ಲಿರುವವರು ಬಂದು ಕೈ ಎತ್ತಿ, ನನ್ನ ಹಿಂದೆ ಯಾರೂ ಇಲ್ಲ ಎಂದು ತೋರಿಸುವವರೆಗೆ ಅಡ್ಡ ನಿಂತವರು ಅಲುಗಾಡಬಾರದು. ಅಡ್ಡ ನಿಂತವರು ರಸ್ತೆ ನೋಡಬಾರದು, ಬಾಲದವರ ಕೈಯನ್ನೇ ನೋಡಬೇಕು. ಕೈ ಎತ್ತುವ ಮೊದಲು ಬಾಲದವರು ಹಿಂತಿರುಗಿ ನೋಡಿರಬೇಕು. ಇದೆಲ್ಲ ನೀನೇ ಮಾಡಿದ ನಿಯಮ. ಇಪ್ಪತ್ತು ವರ್ಷ ಒಂದು ಮೊಣಕಾಲೂ ಮುರಿಯಲಿಲ್ಲ.

ನಾನೀಗ ಬಾಲಕ್ಕೆ ಹೋಗುವುದಿಲ್ಲ. ಜೂನ್ ಆದಮೇಲೆ ಒಮ್ಮೆಯೂ ಹೋಗಿಲ್ಲ. ನಡುವೆ ಎಲ್ಲರ ಜೊತೆ ಸುಮ್ಮನೆ ಉರುಳುತ್ತೇನೆ. ನಿನಗೆ ಗೊತ್ತಲ್ಲ, ನನಗೆ ಆ ಜಾಗ ಮೊದಲಿಂದಲೂ ಇಷ್ಟವಿರಲಿಲ್ಲ. ಹದಿನೈದು ವರ್ಷ ಮುಂದಿನ ಸಾಲಿನಲ್ಲಿ ಗಾಳಿ ಸೀಳಿಕೊಂಡು ಹೋದವಳನ್ನು ಈ ವರ್ಷ ಮಾರ್ಚ್‌ನಲ್ಲಿ ಕರೆದು, "ಸೊಲಾಂಜ್ ಅವರೇ, ಬಾಲಕ್ಕೆ ಅನುಭವ ಇರೋರು ಬೇಕು" ಎಂದಿದ್ದ ಲೊಯಿಕ್. ಮುದುಕಿ ಎನ್ನುವುದಕ್ಕೆ ಮರ್ಯಾದೆಯ ಮಾತು ಅದು. ನಾನು ಮುಖ ಊದಿಸಿಕೊಂಡು ಕೂತಾಗ ನೀನು, "ಬಾಲ ಇಲ್ದಿದ್ರೆ ನಾಯಿ ತನ್ನ ಖುಷಿನ ಹೇಗೆ ತೋರ್ಸತ್ತೆ ಹೇಳು?" ಎಂದು ನಗಿಸಿದೆ. ನಕ್ಕೆ, ಆದರೆ ಊದಿದ ಮುಖ ಒಳಗೆ ಹಾಗೇ ಇತ್ತು.

ಈಗ ಮುಖ್ಯ ಸಮಾಚಾರ. ಬರುವ ಗುರುವಾರ ಸಂಘದ ಸಭೆ. ಲೊಯಿಕ್ ಒಂದು ಹೊಸ ನಿಯಮ ತರುತ್ತಿದ್ದಾನೆ: ಅರವತ್ತು ದಾಟಿದವರು ಇನ್ನು ಮುಂದೆ ರಸ್ತೆಗೆ ಅಡ್ಡ ನಿಲ್ಲುವಂತಿಲ್ಲ. "ಜೂನ್ 16ರ ಘಟನೆಯನ್ನು ಗಮನದಲ್ಲಿಟ್ಟುಕೊಂಡು" ಎಂದು ಕಾಗದದಲ್ಲಿ ಹಾಕಿದ್ದಾನೆ. ನಿನ್ನ ಹೆಸರು ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಅಕ್ಟೋಬರ್ ಹದಿಮೂರಕ್ಕೆ ಸಂಘಕ್ಕೆ ಇಪ್ಪತ್ತು ತುಂಬುತ್ತದೆ. ಅವತ್ತಿನ ಸುತ್ತಿನಲ್ಲಿ ಮೊದಲ ಕೂಡುದಾರಿಗೆ ನೀನೇ ಬಂದು ನಿಲ್ಲಬೇಕೆಂದು ನದೀರ್ ಹಟ ಹಿಡಿದಿದ್ದಾನೆ. ಈ ನಿಯಮ ಬಂದರೆ ಅದು ಆಗುವುದಿಲ್ಲ. ಆಮೇಲೆ ನೀನು ಆ ಗುಡ್ಡದಿಂದ ಇಳಿದು ಬರುವುದೂ ಇಲ್ಲ, ನನಗೆ ಗೊತ್ತು. ಅದಕ್ಕೇ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ನಾಳೆ ಮುಂದುವರಿಸುತ್ತೇನೆ.

ಮಂಗಳವಾರ

ನಾಳೆ ಎಂದದ್ದು ನಾಡಿದ್ದಾಯಿತು. ಭಾನುವಾರ ಬರೆದದ್ದನ್ನು ಓದಿದೆ. ಬಾಳೆಹಣ್ಣು, ಬೇರಿಂಗ್, ನಾಯಿಬಾಲ! ಹರಿದುಹಾಕಬೇಕೆನಿಸಿತು, ಆದರೆ ಹರಿದರೆ ಮತ್ತೆ ಎರಡು ತಿಂಗಳು ಬರೆಯುವುದಿಲ್ಲ ಎಂದು ಹೆದರಿ ಬಿಟ್ಟಿದ್ದೇನೆ.

ನಿನ್ನೆ ಒಡೀಲ್‌ಳನ್ನು ನೋಡಲು ಹೋಗಿದ್ದೆ. ಈಗ ಕೋಲು ಊರಿಕೊಂಡು ಮನೆಯೊಳಗೆ ಓಡಾಡುತ್ತಾಳೆ. ಜೂನ್‌ನಲ್ಲಿ ಮುರಿದ ತೊಡೆಯೊಳಗೆ ಕೂರಿಸಿರುವ ಲೋಹದ ಕಡ್ಡಿ ಚಳಿ ಬಂದರೆ ನೋಯುತ್ತದಂತೆ. ಶಾಲೆಯ ಗ್ರಂಥಾಲಯದ ಕೆಲಸಕ್ಕೆ ನವೆಂಬರಿನಿಂದ ಹೋಗಬಹುದು ಎಂದಿದ್ದಾರೆ ಡಾಕ್ಟರು. ಅಷ್ಟೆಲ್ಲ ನೋವು ತಿಂದವಳು ನನಗೆ ಕುರ್ಚಿ ಎಳೆದುಕೊಟ್ಟಳು. ನಾನು ಕೂರಲಿಲ್ಲ. ಅವಳ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ. ತೊಳೆದಿಟ್ಟ ಪಾತ್ರೆಗಳನ್ನೂ ತೊಳೆದೆ. ಪರದೆ ಬಿಚ್ಚಲು ಸ್ಟೂಲು ಹತ್ತಿದಾಗ ಅವಳು, "ಇಳೀರಿ ಸೊಲಾಂಜ್, ನಿಮ್ಮನ್ನ ನೋಡಿ ನನಗೇ ತಲೆ ಸುತ್ತುತ್ತೆ. ಈ ಮನೇಲಿ ಮೂಳೆ ಮುರ್ಕೊಂಡೋರು ಒಬ್ಬರು ಸಾಕು" ಎಂದಳು.

ಆಮೇಲೆ ನಿನ್ನ ಸುದ್ದಿ ಕೇಳಿದಳು. "ಅವರು ಊರು ಬಿಡೋ ಮುಂಚೆ ಆಸ್ಪತ್ರೆಗೆ ಹನ್ನೊಂದು ಸಲ ಬಂದಿದ್ರು, ಗೊತ್ತಾ? ಬಂದಾಗೆಲ್ಲ ಕ್ಷಮಿಸಿ, ಕ್ಷಮಿಸಿ. ಕೊನೆಗೆ ನಾನೇ, ಇನ್ನೊಂದು ಸಲ ಕ್ಷಮಿಸಿ ಅಂದ್ರೆ ನರ್ಸ್‌ನ ಕರೀತೀನಿ ನೋಡಿ ಅಂತ ಗದರಿದೆ. ನನ್ನ ಮಂಚದ ಪಕ್ಕದಲ್ಲಿ ಕೂತು ಕಣ್ಣು ಒರೆಸ್ಕೊಳ್ತಾ ಇದ್ರೆ ನೋಡೋಕೆ ಆಗ್ತಿರ್ಲಿಲ್ಲ." ಕೋಲನ್ನು ಗೋಡೆಗೆ ಒರಗಿಸಿಟ್ಟು, "ನೀವು ಒಂದು ಸಲ ಬಂದ್ರಿ" ಎಂದಳು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಸುಮ್ಮನೆ ಲೆಕ್ಕ ಹೇಳಿದ ಹಾಗೆ ಹೇಳಿದಳು.

ಗುರುವಾರದ ಸಭೆಗೆ ತಾನೂ ಬರುತ್ತಾಳಂತೆ. "ನನಗೂ ಒಂದು ವಿಷಯ ಹೇಳೋದಿದೆ" ಎಂದಳು. ಏನು ಎಂದು ನಾನು ಕೇಳಲಿಲ್ಲ. ಟ್ರಾಮ್ ಹಿಡಿಯದೆ ಮನೆಯವರೆಗೂ ನಡೆದೆ, ಒಂದೂವರೆ ಗಂಟೆ.

ನಡೆಯುತ್ತ ನಡೆಯುತ್ತ ಹಳೆಯದೆಲ್ಲ ನೆನಪಾಯಿತು. ಲೂಸಿಯಾಂ ತೀರಿಕೊಂಡ ವರ್ಷ ನನಗೆ ನಲವತ್ತಮೂರು. ಗಂಡ ಹೋದವಳು ಹೊಲಿಗೆ ಕಲಿಯಬಹುದು, ಚರ್ಚಿನ ಹಾಡಿನ ಗುಂಪಿಗೆ ಸೇರಬಹುದು, ಸ್ಕೇಟ್ಸ್ ಕಟ್ಟಿಕೊಳ್ಳುವುದೇ ಎಂದು ನನ್ನ ತಂಗಿ ಮೂಗು ಮುರಿದಿದ್ದಳು. ಜೆರ್ಲಾಂನ ಕ್ರೀಡಾಂಗಣದ ಹಿಂದಿನ ಖಾಲಿ ಜಾಗದಲ್ಲಿ ನೀನು ನನ್ನನ್ನು ಎಂಟು ಭಾನುವಾರ ಕೈ ಹಿಡಿದು ಎಳೆದಾಡಿದೆ. "ಮಂಡಿ ಬಗ್ಗಿಸು. ಇನ್ನೂ ಬಗ್ಗಿಸು. ನಿನ್ನ ಪೋಸ್ಟ್ ಆಫೀಸಿನ ಕುರ್ಚೀಲಿ ಕೂತ ಹಾಗಲ್ಲ ಮಾರಾಯ್ತಿ, ಕಕ್ಕಸಿನಲ್ಲಿ ಕೂತ ಹಾಗೆ!" ನಾನು ನಕ್ಕು ನಕ್ಕು ಬಿದ್ದಿದ್ದೆ. ಆ ವರ್ಷ ನಾನು ನಕ್ಕಿದ್ದು ಅದೇ ಮೊದಲು. ಅವತ್ತಿನಿಂದ ನನ್ನ ವಾರ ಎಂದರೆ ಭಾನುವಾರ. ಉಳಿದ ಆರು ದಿನ ಅದಕ್ಕಾಗಿ ಕಾಯುವುದು. ನಿವೃತ್ತಿಯಾದ ಮೇಲಂತೂ ಅದೇ ಪೂರ್ತಿ ಬದುಕು. ಈಗ ಹೇಳಿದರೆ ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಆ ಬದುಕು ಕೊಟ್ಟವನು ನೀನು.

ಒಲೆಯ ಮೇಲೆ ಸೂಪು ಇಟ್ಟು ಮರೆತಿದ್ದೇನೆ, ಸೀದ ವಾಸನೆ ಬರುತ್ತಿದೆ.

ಶುಕ್ರವಾರ

ನಿನ್ನೆಯ ಸಭೆಯಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸಂಜೆ ಆರೂವರೆ. ಗಿಯೊತಿಯೇರ್ ಸೇತುವೆಯ ಹತ್ತಿರದ ಕಾಫಿ ಅಂಗಡಿಯ ಹಿಂದಿನ ಕೋಣೆ. ಇಪ್ಪತ್ತಾರು ಜನ. ಕುರ್ಚಿ ಸಾಲದೆ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ಒಡೀಲ್ ಕೋಲು ಊರಿಕೊಂಡು ಬಂದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಲೊಯಿಕ್ ಕೆಟ್ಟವನಲ್ಲ, ರೆಜಿಸ್. ಅವನಿಗೆ ವಿಮೆಯವರ ಭಯ, ಪೊಲೀಸರು ಪರವಾನಗಿ ನಿಲ್ಲಿಸುತ್ತಾರೆಂಬ ಭಯ. ಮೂವತ್ತನಾಲ್ಕಕ್ಕೇ ಕೂದಲು ಉದುರುತ್ತಿದೆ ಪಾಪ. ಅವನು ನಿಯಮ ಓದಿ ಮುಗಿಸುವ ಮೊದಲೇ ನದೀರ್ ಎದ್ದ.

"ನನಗೆ ಐವತ್ತೊಂಬತ್ತು. ಬರೋ ಮಾರ್ಚ್ ಹತ್ತನೇ ತಾರೀಕು ಬೆಳಿಗ್ಗೆ ಎದ್ದಾಗ ನನ್ನ ಕಣ್ಣು ಹೋಗಿರತ್ತಾ? ಅದನ್ನಾದ್ರೂ ಮೊದಲೇ ಹೇಳು, ಟ್ಯಾಕ್ಸಿ ಮಾರ್ತೀನಿ."

ಎಲ್ಲರೂ ನಕ್ಕರು. ಲೊಯಿಕ್ ನಗಲಿಲ್ಲ. "ಇದು ಯಾರನ್ನೂ ಬೊಟ್ಟು ಮಾಡಿ ತೋರ್ಸೋಕಲ್ಲ. ರೆಜಿಸ್ ಅಂದ್ರೆ ನನಗೂ ಗೌರವ ಇದೆ, ನನಗೆ ನಿಲ್ಲೋದು ಕಲಿಸಿದ್ದೇ ಅವರು. ಆದ್ರೆ ಅವತ್ತು ಬಾಲದವರ ಕೈ ಎದ್ದಿರಲಿಲ್ಲ. ಎದ್ದ ಹಾಗೆ ನನಗೆ ಕಾಣ್ತು ಅಂತ ಅವರೇ ಒಪ್ಕೊಂಡ್ರು. ದಾರಿ ಬಿಟ್ರು, ವ್ಯಾನ್ ಹೊರಡ್ತು, ಒಡೀಲ್ ಬಿದ್ರು. ವಯಸ್ಸಾದ ಮೇಲೆ ಹೀಗಾಗತ್ತೆ, ಅದರಲ್ಲಿ ನಾಚಿಕೆ ಏನಿದೆ?" ಎಂದ.

ಆಗ ಒಡೀಲ್ ಕೋಲು ನೆಲಕ್ಕೆ ಕುಟ್ಟಿದಳು. "ಬಿದ್ದವಳು ನಾನು, ನನಗೂ ಒಂದು ಮಾತಿಗೆ ಅವಕಾಶ ಕೊಡಿ" ಎಂದಳು. ಅವಳು ಹೇಳಿದ್ದನ್ನು ಅಕ್ಷರಶಃ ಬರೆಯುತ್ತಿದ್ದೇನೆ, ಏಕೆಂದರೆ ಅದು ನಿನಗೆ ಸೇರಿದ್ದು.

"ಟ್ರಾಮ್ ಹಳಿ ದಾಟೋಕೆ ನನಗೆ ಭಯ. ಗಾಲಿ ಸಿಕ್ಕಾಕ್ಕೊಳ್ಳತ್ತೆ ಅಂತ ನಿಂತೇಬಿಟ್ಟೆ. ಎಲ್ಲರೂ ಮುಂದೆ ಹೋದ್ರು. ನಾನು ರೆಜಿಸ್ ಅವರನ್ನೇ ನೋಡ್ತಿದ್ದೆ, ಅವರು ಅಲ್ಲಿದ್ದಾರೆ ಅಂದ್ರೆ ಒಂದು ಧೈರ್ಯ. ಅವರು ನನ್ನ ಕಡೆ ತಿರುಗ್ಲಿಲ್ಲ. ಆಕಾಶ ನೋಡ್ತಾನೂ ಇರ್ಲಿಲ್ಲ, ಹುಡುಗೀರನ್ನ ನೋಡ್ತಾನೂ ಇರ್ಲಿಲ್ಲ. ಸೊಲಾಂಜ್ ಅವರನ್ನೇ ನೋಡ್ತಿದ್ರು, ರೆಪ್ಪೆ ಹೊಡೀದೆ. ನೋಡಿ ನೋಡಿ, ಆಮೇಲೆ ಕೈ ಇಳಿಸಿದ್ರು. ಟ್ರಾಮ್ ನಿಲ್ದಾಣದ ಗೋಡೆ ಅಡ್ಡ ಇತ್ತು, ಸೊಲಾಂಜ್ ನನಗೆ ಕಾಣ್ತಿರ್ಲಿಲ್ಲ. ಅವರು ಏನು ಮಾಡಿದ್ರೋ ನಾನು ನೋಡಿಲ್ಲ. ಆದ್ರೆ ಆ ಮನುಷ್ಯ ಮೈಮರೆತಿದ್ರು ಅಂತ ಯಾರೂ ಹೇಳ್ಬೇಡಿ. ಅಷ್ಟೇ."

ಇಪ್ಪತ್ತೈದು ಮುಖಗಳು ನನ್ನ ಕಡೆ ತಿರುಗಿದವು. ಲೊಯಿಕ್ ಮೆಲ್ಲಗೆ, "ಸೊಲಾಂಜ್ ಅವರೇ, ನಿಮಗೆ ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದ.

ನಾನು ಎದ್ದು ನಿಂತೆ. "ಕಾಫಿ ಯಾರ‍್ಯಾರಿಗೆ ಬೇಕು?" ಎಂದೆ.

ಹೌದು, ಹಾಗೇ ಕೇಳಿದೆ. ಯಾರೋ ಇಬ್ಬರು ಸುಮ್ಮನೆ ಕೈ ಎತ್ತಿದರು. ನಾನು ಹೊರಗೆ ಹೋಗಿ ಹನ್ನೆರಡು ಕಾಫಿ ಹೇಳಿದೆ. ಅಂಗಡಿಯವನು ತಟ್ಟೆಯಲ್ಲಿ ತುಂಬಿಸಿ ಕೊಟ್ಟ. ತಿರುಗಿ ಒಳಗೆ ಬರುವಾಗ ಮತ ಎಣಿಸುತ್ತಿದ್ದರು. ನಿಯಮಕ್ಕೆ ಪರವಾಗಿ ಹದಿನಾಲ್ಕು. ವಿರುದ್ಧ ಯಾರು ಎಂದು ಕೇಳಿದಾಗ ನನ್ನ ಎರಡೂ ಕೈಯಲ್ಲಿ ತಟ್ಟೆ ಇತ್ತು. ಹನ್ನೊಂದು ಎಂದು ಬರೆದುಕೊಂಡರು. ಹೊರಗೆ ಬಂದಮೇಲೆ ನದೀರ್ ನನ್ನ ಬೆನ್ನು ತಟ್ಟಿ, "ಬಿಡಿ ಸೊಲಾಂಜ್, ನಿಮ್ಮದೊಂದು ಓಟು ಬಿದ್ದಿದ್ರೂ ಸೋಲ್ತಿದ್ವಿ" ಎಂದ. ಅವನಿಗೆ ಏನೂ ಗೊತ್ತಿಲ್ಲ, ಒಳ್ಳೆಯ ಮನುಷ್ಯ.

ಹೀಗಾಯಿತು, ರೆಜಿಸ್. ನಿಯಮ ಬಂತು. ಹದಿಮೂರಕ್ಕೆ ನೀನು ಸುಮ್ಮನೆ ಅತಿಥಿಯಾಗಿ ಬರಬಹುದು ಎಂದು ಲೊಯಿಕ್ ಹೇಳಿಕಳಿಸಿದ್ದಾನೆ. ಹೂಗುಚ್ಛ ಕೊಡುತ್ತಾರಂತೆ.

ಚಳಿ ಶುರುವಾಗುವ ಮೊದಲು ನಿನ್ನ ಎದೆಯ ಔಷಧಿ ತರಿಸಿಟ್ಟುಕೋ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯ ನಿದ್ದೆ ಬರಲಿ, ಕಾಲಿಗೆ ಬಲವಿರಲಿ, ಬೆಳಿಗ್ಗೆ ಏಳುವಾಗ ಮನಸ್ಸು ಹಗುರವಾಗಿರಲಿ. ಇದಕ್ಕಿಂತ ದೊಡ್ಡ ಹಾರೈಕೆ ನನಗೆ ಗೊತ್ತಿಲ್ಲ.

ನಿನ್ನ ಹಳೆಯ ಗೆಳತಿ,
ಸೊಲಾಂಜ್

ಮರೆತ ಮಾತು (ಶನಿವಾರ):

ಮರೆತದ್ದಲ್ಲ. ಆರು ದಿನದಿಂದ ಇದೊಂದನ್ನು ಬರೆಯಲಿಕ್ಕೇ ಕೂತು ಕೂತು ಎದ್ದಿದ್ದೇನೆ.

ನಾನು ಕೈ ಎತ್ತಿದ್ದೆ. ನೀನು ಸರಿಯಾಗಿಯೇ ನೋಡಿದ್ದೆ.

ಅವತ್ತು ಮುಂದಿನವರು ಆಗಲೇ ನದಿಯ ದಂಡೆಯ ಇಳಿಜಾರಿಗೆ ತಿರುಗುತ್ತಿದ್ದರು. ಹೊಸ ಗಾಲಿ ಹಾಕಿಸಿದ್ದೆ. ಹೊಸಬರ ಹಿಂದೆ ತೆವಳಿ ತೆವಳಿ ನನ್ನ ತಾಳ್ಮೆ ಹೋಗಿತ್ತು. ಒಮ್ಮೆಯಾದರೂ ಮುಂದಿನವರನ್ನು ಹಿಡಿದು, ನಾನಿನ್ನೂ ಮುದುಕಿಯಲ್ಲ ಎಂದು ಆ ಲೊಯಿಕ್‌ಗೆ ತೋರಿಸಬೇಕೆಂದಿತ್ತು. ಹಿಂತಿರುಗಿ ನೋಡದೆ ಕೈ ಎತ್ತಿದೆ. ನೀನು ನನ್ನನ್ನು ನಂಬಿ ದಾರಿ ಬಿಟ್ಟೆ. ನನ್ನ ಹಿಂದೆ ಒಡೀಲ್ ಕಿರುಚಿದ್ದು ಕೇಳಿಸಿತು.

ಆಂಬುಲೆನ್ಸ್ ಹೋದಮೇಲೆ ಕಾಲುದಾರಿಯ ಮೇಲೆ ಲೊಯಿಕ್ ಕೇಳಿದ: "ಸೊಲಾಂಜ್, ನೀವು ಕೈ ಎತ್ತಿದ್ರಾ?" ಇಲ್ಲ ಎಂದು ಬಾಯಿಂದ ಬಂದುಬಿಟ್ಟಿತು. ನೀನು ಪಕ್ಕದಲ್ಲೇ ಇದ್ದೆ. ನನ್ನ ಮುಖ ನೋಡಿದೆ. ಸಿಟ್ಟಿನಿಂದ ನೋಡಲಿಲ್ಲ, ಅದೇ ನನ್ನನ್ನು ತಿನ್ನುತ್ತಿರುವುದು. ಆಮೇಲೆ ಹಳದಿ ಜಾಕೆಟ್ಟಿನ ಗುಂಡಿ ಬಿಚ್ಚುತ್ತ ಅವನಿಗೆ, "ಸೊಲಾಂಜ್ ಎತ್ತಿಲ್ಲ ಅಂದ್ರೆ ಎತ್ತಿಲ್ಲ. ನನಗೇ ಹಾಗೆ ಕಾಣ್ತು. ಕಣ್ಣು ಮೊದಲಿನ ಹಾಗಿಲ್ಲ" ಎಂದೆ. ಜುಲೈನಲ್ಲಿ ಬರೆದಾಗಲೂ ಅದರ ಬಗ್ಗೆ ಒಂದು ಮಾತಿಲ್ಲ. ನನ್ನ ಎಡಮಂಡಿ ಹೇಗಿದೆ ಎಂದು ಕೇಳಿದ್ದೀಯ. ಬೈದಿದ್ದರೆ ಮರುದಿನವೇ ಉತ್ತರ ಬರೆಯುತ್ತಿದ್ದೆ.

ಏಕೆ ಸುಳ್ಳು ಹೇಳಿದೆ ಎಂದರೆ, ಹೆದರಿದೆ. ಸಂಘದಿಂದ ಹೊರಗೆ ಹಾಕಿದರೆ ನನಗೆ ಬೇರೆ ಯಾರಿದ್ದಾರೆ ಎನ್ನುವುದೊಂದೇ ತಲೆಯಲ್ಲಿತ್ತು. ನಿನಗೂ ಬೇರೆ ಯಾರೂ ಇರಲಿಲ್ಲ ಎಂದು ಹೊಳೆಯಲು ನನಗೆ ಮೂರು ತಿಂಗಳು ಬೇಕಾಯಿತು.

ಇವತ್ತು ಬೆಳಿಗ್ಗೆ ಒಡೀಲ್ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಕೋಲು ಊರಿಕೊಂಡು ಎದ್ದು ಬಾಗಿಲು ತೆರೆದಳು. "ಹೋಗಿ, ಎಲ್ಲರೆದುರು ಹೇಳಿ. ಆಮೇಲೆ ನಾವಿಬ್ಬರೂ ಮಾತಾಡೋಣ" ಎಂದಳು. ನಾಳೆ ಎರಡೂವರೆಗೆ ಬೆಲ್‌ಕೂರ್‌ನಲ್ಲಿ ಲೊಯಿಕ್‌ನ ಕೈಯಿಂದ ಮೈಕು ಕೇಳಿ ತೆಗೆದುಕೊಂಡು ಹೇಳುತ್ತೇನೆ. ಆಮೇಲೆ ಅವರು ನನ್ನನ್ನು ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು. ನಿಯಮದ ಮೇಲೆ ಮತ್ತೆ ಮತ ಹಾಕಿ ಎಂದೂ ಕೇಳುತ್ತೇನೆ.

ಈ ಪತ್ರವನ್ನು ನಾಳೆ ಅಲ್ಲಿಗೆ ಹೊರಟಾಗಲೇ ಅಂಚೆ ಡಬ್ಬಿಗೆ ಹಾಕುವುದು, ಅದಕ್ಕೆ ಮೊದಲಲ್ಲ. ನಿನ್ನ ಕೈ ಸೇರುವ ಹೊತ್ತಿಗೆ ಹೇಳಿ ಮುಗಿದಿರುತ್ತದೆ. ಬೇಕೆಂದೇ ಹೀಗೆ ಮಾಡುತ್ತಿದ್ದೇನೆ, ರೆಜಿಸ್. ಮೊದಲೇ ತಿಳಿದರೆ ನೀನು ಲೊಯಿಕ್‌ಗೆ ಫೋನ್ ಮಾಡಿ, ಅವಳ ಮಾತು ನಂಬಬೇಡಿ, ತಪ್ಪು ನನ್ನದೇ ಎಂದು ಇನ್ನೊಮ್ಮೆ ನನ್ನನ್ನು ಉಳಿಸಿಬಿಡುತ್ತೀಯ.